ನೋಡದೇ ಕಂಡ ದೋಷ

ಕುಂಭಕೋಣದ ಜೋಯಿಸ ಸಾರನಾಥನ್ ಯಾರ ಜಾತಕ ಬಂದರೂ ಬಿಡಿಸುವ ಮೊದಲೇ "ಸರ್ಪದೋಷ ಇದೆಯಮ್ಮ, ಪರಿಹಾರಾನೂ ಇದೆ" ಎಂದುಬಿಡುವವರು. ಅಂಥವರಿಗೆ ಕಂಪ್ಯೂಟರಿನ ಪರದೆಯಲ್ಲಿ 'ನಿಮ್ಮ ಯಂತ್ರದ ತುಂಬ ದೋಷಗಳಿವೆ, ಈಗಲೇ ಶುಚಿಗೊಳಿಸಿ' ಎಂಬ ಕೆಂಪು ಜಾಹೀರಾತು ಚಿಮ್ಮಿತೆಂದರೆ ಹಬ್ಬವೋ ಹಬ್ಬ. ಕಾಫಿಯನ್ನು ಅಲ್ಲೇ ಬಿಟ್ಟು, "ಕೋಮಳಾ, ಓಡಿ ಬಾರೇ, ಮತ್ತೆ ಸಿಕ್ತು!" ಎಂದು ಹೆಂಡತಿಯನ್ನು ಕೂಗಿ, ಜಾಹೀರಾತನ್ನು ಒತ್ತಿಯೇಬಿಡುತ್ತಾರೆ. ಹೀಗೆ ಒಳಹೊಕ್ಕ ಶುಚಿ ತಂತ್ರಾಂಶಗಳ ದಂಡನ್ನು ಹೊರಲಾರದೆ ಹಳೆಯ ಯಂತ್ರ ಏದುಸಿರು ಬಿಟ್ಟು ಸತ್ತಿತು. ಮೊನ್ನೆ ಹೊಸದನ್ನು ತಂದು, ಕುಂಕುಮವಿಟ್ಟು ಚಾಲೂ ಮಾಡಿದರೆ ಅದರಲ್ಲೂ ಅದೇ ಜಾಹೀರಾತು, ಅದೇ ದೋಷ! "ಎಲಾ ಕಳ್ಳಾ, ನೋಡದೇನೇ ಹೇಳ್ತೀಯೇನೋ!" ಎಂದು ಕುರ್ಚಿಯಿಂದ ನೆಗೆದರು. "ನಿಮ್ಮ ಕಸುಬಿನವನೇ ಇರಬೇಕು ಬಿಡ್ರೀ" ಎಂದು ಕೋಮಳವಲ್ಲಿ ನಕ್ಕರು. ಅಷ್ಟರಲ್ಲಿ ಮಗಳ ಜಾತಕ ಹಿಡಿದ ತಾಯಿಯೊಬ್ಬಳು ಅಳುಕುತ್ತಾ ಬಂದು ಕೂತಳು. ಸಾರನಾಥನ್ ಬಾಯಿ ತೆರೆದರು, ಮುಚ್ಚಿದರು, ಕನ್ನಡಕ ಹುಡುಕಿ ಹಾಕಿಕೊಂಡರು. "ತಡಿಯಮ್ಮಾ," ಎಂದರು, "ಮೊದಲು ನೋಡ್ತೀನಿ."