ಅತ್ತೆಗೆ ಹೇಳಿದ ಪ್ರಮೇಯ

ಕುರುಗೋಡಿನಿಂದ ಹೈಸ್ಕೂಲಿಗೆಂದು ಬಳ್ಳಾರಿಯ ಸೋದರತ್ತೆಯ ಮನೆಗೆ ಬಂದಾಗ ನನಗೆ ಗೊತ್ತಿದ್ದದ್ದು ಬಾಯಿಪಾಠವೊಂದೇ. ಮಗ್ಗಿ, ಪದ್ಯ, ನದಿಗಳ ಹೆಸರು ಒಪ್ಪಿಸಿದಂತೆ ರೇಖಾಗಣಿತವನ್ನೂ ಒಪ್ಪಿಸುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಮೇಷ್ಟ್ರು ತ್ರಿಭುಜಕ್ಕೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಎಂದು ಹೆಸರಿಟ್ಟಿದ್ದರು. ಅಷ್ಟಕ್ಕೇ ನನ್ನ ಕೈ ನಿಂತುಹೋಯಿತು. ನೂರಕ್ಕೆ ಒಂಬತ್ತು ಬಂತು.

ಅತ್ತೆ ಅಕ್ಷರ ಕಲಿತವಳಲ್ಲ. ಗಂಡ ತೀರಿದ ಮೇಲೆ ಕುಪ್ಪಸ ಹೊಲಿದು ಬದುಕಿದ್ದಳು. ಪರೀಕ್ಷೆಯಲ್ಲಿ ಕೈಕೊಟ್ಟ ಆ ತ್ರಿಭುಜದ ಪ್ರಮೇಯವನ್ನು ನಾನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಾಗ ಹೊಲಿಗೆ ನಿಲ್ಲಿಸಿ ಕೇಳಿದಳು:

"ಎರಡು ಮಗ್ಗಲು ಸಮ ಇದ್ರ ಕೆಳಗಿನ ಎರಡು ಮೂಲಿ ಸಮ ಅಂತೀಯಲ್ಲ, ಯಾಕ?"

"ಪುಸ್ತಕದಾಗ ಹಂಗ ಐತಿ, ಅತ್ತಿ."

"ಪುಸ್ತಕದಾಗ ಇದ್ರ ಆತೇನು? ನನಗ ತಿಳಿಯೂ ಹಂಗ ಹೇಳು."

ನಾನು ಮತ್ತೆ ಅದನ್ನೇ ಒಪ್ಪಿಸಿದೆ. ಅತ್ತೆ ಖಣದ ಚೂರೊಂದನ್ನು ಎರಡು ಮಗ್ಗಲು ಸಮ ಇರುವಂತೆ ಮೂರು ಮೂಲೆಯಾಗಿ ಕತ್ತರಿಸಿ ನಡುವೆ ಮಡಚಿದಳು. ಒಂದು ಮೂಲೆ ಇನ್ನೊಂದರ ಮೇಲೆ ಸರಿಯಾಗಿ ಕೂತಿತು. ಪುಸ್ತಕದ ಚಿತ್ರದಲ್ಲಿ ನಡುವಿನ ಗೆರೆ ಯಾತಕ್ಕೆ ಎಳೆದಿದ್ದಾರೆಂದು ನನಗೆ ಆಗ ಹೊಳೆಯಿತು.

ಅಂದಿನಿಂದ ದಿನಾ ಸಂಜೆ ಪುಸ್ತಕ ಮುಚ್ಚಿ ಅತ್ತೆಗೆ ಪಾಠ ಹೇಳತೊಡಗಿದೆ. "ತಡಿ, ಇದು ಎಲ್ಲಿಂದ ಬಂತು?" ಎಂದು ಆಕೆ ತಡೆದಲ್ಲೆಲ್ಲ ನನಗೂ ತಿಳಿದಿರುತ್ತಿರಲಿಲ್ಲ; ಪುಸ್ತಕ ತೆರೆದು ಹುಡುಕಿ, ಮತ್ತೆ ಮುಚ್ಚಿ ಹೇಳುತ್ತಿದ್ದೆ. ಚರಿತ್ರೆ ಮಾತ್ರ ಆಕೆಗೆ ಬೇಡವಾಗಿತ್ತು. "ಸತ್ತ ರಾಜರ ಸುದ್ದಿ ತಗೊಂಡು ನಾ ಏನ ಮಾಡ್ಲಿ?" ಎನ್ನುತ್ತಿದ್ದಳು. ಚರಿತ್ರೆಯಲ್ಲಿ ನಾನು ಕೊನೆಯವರೆಗೂ ಹಿಂದೆಯೇ ಉಳಿದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಎಪ್ಪತ್ತೊಂದು ಬಂತು. ಮೇಷ್ಟ್ರದು ಮನೆಮಾತು ತೆಲುಗು. ಉತ್ತರಪತ್ರಿಕೆ ಎತ್ತಿ ಹಿಡಿದು, "ಯಾರ್ದು ನೋಡಿ ಬರದಿ? ಚೆಪ್ಪು, ಹೇಳು!" ಎಂದರು. ನನ್ನನ್ನೂ ಸೇರಿ ಹುಡುಗಿಯರು ಇಬ್ಬರೇ ಇದ್ದ ಕ್ಲಾಸಿನಲ್ಲಿ ಎದ್ದು ನಿಂತೆ. ಮೇಷ್ಟ್ರು ಬೋರ್ಡಿಗೆ ಕರೆದು, ತ್ರಿಭುಜವನ್ನು ತಲೆಕೆಳಗಾಗಿ ಬರೆದು ಸೀಮೆಸುಣ್ಣ ಕೊಟ್ಟರು. ಎದುರಿಗೆ ಅತ್ತೆ ಕೂತಿದ್ದಾಳೆಂದುಕೊಂಡು ಶುರು ಮಾಡಿದೆ: "ಇಲ್ಲಿ ಮಡಚಿದ್ರ ಈ ಮೂಲಿ ಆ ಮೂಲಿ ಮ್ಯಾಲೆ ಕೂಡತೈತ್ರಿ..."

ಹುಡುಗರು ನಕ್ಕರು. ಮೇಷ್ಟ್ರು ಮೇಜು ಕುಟ್ಟಿ ಸುಮ್ಮನಾಗಿಸಿದರು. ಪೂರಾ ಕೇಳಿ, "ಯಾರು ಹೇಳಿಕೊಟ್ರಮ್ಮಾ?" ಎಂದರು.

"ನಮ್ಮ ಅತ್ತಿರಿ."

"ಎಷ್ಟು ಓದ್ಯಾರ?"

"ಓದಿಲ್ರಿ, ಕುಪ್ಪಸ ಹೊಲೀತಾರ."

ನೋಡಿ ಬರೆದೆ ಅಂದದ್ದಕ್ಕೆ ಅವರು ತಪ್ಪಾಯಿತೆನ್ನಲಿಲ್ಲ. ಮರುದಿನ ಕಾಗದದ ಚೂರುಗಳನ್ನು ತಂದು ಎಲ್ಲರ ಕೈಯಲ್ಲೂ ಮಡಚಿಸಿದರು. ಇದು ಯಾರ ಉಪಾಯ ಎಂದು ಮಾತ್ರ ಹೇಳಲಿಲ್ಲ.

ಮನೆಗೆ ಬಂದು ಸಿಟ್ಟಿನಿಂದ ಅತ್ತೆಗೆ ಎಲ್ಲ ಹೇಳಿದೆ. ಆಕೆ ಸೂಜಿಗೆ ದಾರ ಪೋಣಿಸುತ್ತ, "ಹುಡುಗ್ರಿಗೆ ತಿಳೀತೇನು?" ಎಂದಳು.

"ತಿಳೀತು."

"ಮತ್ತ ಅಷ್ಟ ಸಾಕಲ್ಲ."

ನನಗೆ ಅದು ಸಾಕಾಗಲಿಲ್ಲ. ಇಂದಿಗೂ ಸಾಕೆನಿಸಿಲ್ಲ.