ಕುರಿ ಕಾಯುವ ಕಾಂಟ್ರಾಕ್ಟರ್

ಔರಾದ ಹತ್ತಿರ ಕುರಿ ಸಾಕಿಕೊಂಡಿರುವ ಮಾಣಿಕಪ್ಪ ಈ ವರ್ಷ ಕಾಂಟ್ರಾಕ್ಟರ್ ಆಗಿಬಿಟ್ಟರು. ಆ ಸುದ್ದಿ ಅವರೊಬ್ಬರಿಗೇ ಗೊತ್ತಿರಲಿಲ್ಲ. ಹೋದ ವಾರ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ತಿಳಿಯಿತು.

"ನಿಮ್ಮ ಬಿಪಿಎಲ್ ಕಾರ್ಡ್ ಬಂದ್ ಆಗ್ಯಾದರಿ. ನೀವು ಇನ್‌ಕಮ್ ಟ್ಯಾಕ್ಸ್ ಪಾರ್ಟಿ ಅಂತ ತೋರಸ್ಲಾಕತ್ತದ," ಅಂದರಂತೆ ಅಂಗಡಿಯವರು. ಮನೆಯಲ್ಲಿ ಆರು ಜನ. ಅಕ್ಕಿ ಸಿಗಲಿಲ್ಲ, ಸಾಹುಕಾರ ಪಟ್ಟ ಸಿಕ್ಕಿತು.

ಈ ಪವಾಡ ಮಾಡಿದವ ಅವರ ತಮ್ಮ ಕಾಶೀನಾಥ. ಭಾಲ್ಕಿಯ ಒಂದು ಆಫೀಸಿಗೆ ತನ್ನ ಜೀಪನ್ನು ತಿಂಗಳ ಬಾಡಿಗೆಗೆ ಓಡಿಸುತ್ತಾನೆ. (ಭಾನುವಾರ ನಾನಿರುವ ಮೈಲೂರಿನಿಂದ ಎಲ್ಲಿಗಾದರೂ ಹೋಗಬೇಕೆಂದರೆ ಅವನೇ ಗತಿ.) ಬಾಡಿಗೆ ಬಿಲ್ಲಿಗೆ ಟಿಡಿಎಸ್ ಇದೆಯಲ್ಲ? ದುಡಿದವನ ಕೈಗೆ ದುಡ್ಡು ಬರುವ ಮೊದಲೇ ಸರ್ಕಾರ ತನ್ನ ಪಾಲು ಮುರಿದುಕೊಳ್ಳುವ ಏರ್ಪಾಡು. ಪ್ಯಾನ್ ನಂಬರ್ ಕೊಡದಿದ್ದರೆ ಇಪ್ಪತ್ತು ಪರ್ಸೆಂಟ್ ಹೋಗುತ್ತದೆ ಎಂದು ಕ್ಲರ್ಕ್ ಹೆದರಿಸಿದ. ಕಾಶೀನಾಥ ಥಟ್ಟನೆ ಅಣ್ಣನ ಪ್ಯಾನ್ ಬರೆಸಿದ!

"ನಿನ್ನದೇ ಇತ್ತಲ್ಲೋ ಮಾರಾಯಾ?" ಎಂದೆ.

"ಇತ್ರಿ ಸರ್. ಒಲಿ ಬ್ಯಾರೆ ಆಗ್ಯಾವ ಖರೆ. ಆದ್ರ ಅಣ್ಣ ಇರೂತನ ಕಾಗದದಾಗ ನನ್ನ ಹೆಸರು ಹ್ಯಾಂಗ ಬರಸ್ಲಿ? ಹೊಲ, ಲೈಟ್ ಬಿಲ್, ಲಗ್ನಪತ್ರಿಕಿ, ಎಲ್ಲಾ ಅವಂದೇ ಹೆಸರಿಲೆ ಆಗ್ತಾವರಿ."

ಎಂಥ ಮರ್ಯಾದೆ! ಕಂಪ್ಯೂಟರೂ ಅಷ್ಟೇ ಮರ್ಯಾದೆಯಿಂದ ಅಣ್ಣನನ್ನೇ ಜೀಪಿನ ಕಾಂಟ್ರಾಕ್ಟರ್ ಎಂದು ಒಪ್ಪಿಕೊಂಡಿತು. ಜೀಪು ಭಾಲ್ಕಿಯಲ್ಲಿ ಓಡಿತು, ಆದಾಯ ಕುರಿ ಹಟ್ಟಿಯಲ್ಲಿ ಹುಟ್ಟಿತು.

ಬೀದರಿನಲ್ಲಿ ನನಗೆ ಪರಿಚಯದ ಟ್ಯಾಕ್ಸ್ ಸಲಹೆಗಾರರೊಬ್ಬರಿದ್ದಾರೆ. ಮೂವರೂ ಹೋದೆವು. "ಮಾಣಿಕಪ್ಪನವರು ರಿಟರ್ನ್ ಹಾಕಿದ್ರ ಮುರಿದ ರೊಕ್ಕ ವಾಪಸ್ ಬರ್ತದರಿ," ಅಂದರು. ಕಾಶೀನಾಥನ ಮುಖ ಅರಳಿತು. ಸಲಹೆಗಾರರು ಮಾತು ಮುಂದುವರಿಸಿದರು: "ಆದ್ರ ಆ ಬಾಡಿಗಿ ಎಲ್ಲಾ ನಂದೇ ಅಂತ ಇವರು ಒಪ್ಪಿಕೊಂಡಂಗ ಆಗ್ತದ. ರೇಷನ್ ಕಾರ್ಡಿನ ಆಸೆ ಬಿಡಬೇಕು."

ತಿದ್ದುವ ದಾರಿ ಒಂದೇ. ತಪ್ಪು ಪ್ಯಾನ್ ಹಾಕಿದ ಆಫೀಸೇ ಸರಿಪಡಿಸಿ ಕಳಿಸಬೇಕು. ಭಾಲ್ಕಿಗೆ ಓಡಿದೆವು. (ಡೀಸೆಲ್ ಕಾಶೀನಾಥನದು, ಅದಕ್ಕೆ ರಿಫಂಡ್ ಇಲ್ಲ.)

"ಆಡಿಟರ್ ಬಂದಮ್ಯಾಲ ನೋಡೂಣ್ರಿ," ಅಂದ ಕ್ಲರ್ಕ್. "ಒಂದ್ ಪರ್ಸೆಂಟ್ ಕಟ್ ಆಗ್ಯಾದ, ಅಷ್ಟಕ್ಕ ಯಾಕ ತಲಿ ಕೆಡಸ್ಕೋತೀರಿ? ಬಿಟ್ಟುಬಿಡ್ರಿ."

ಬಿಡಬಹುದು. ಯಾರು ಬಿಡಬಹುದು? ದೊಡ್ಡ ಕಂಪನಿಗೆ ಇದನ್ನೆಲ್ಲ ನೋಡಲು ಒಂದು ಡಿಪಾರ್ಟ್‌ಮೆಂಟೇ ಇರುತ್ತದೆ. ಒಂದು ಜೀಪಿನವನಿಗೆ ಡ್ರೈವರ್, ಮ್ಯಾನೇಜರ್, ಅಕೌಂಟೆಂಟ್ ಎಲ್ಲ ಅವನೇ. (ನನಗೂ ಟಿಡಿಎಸ್ ಮುರಿಸಿಕೊಳ್ಳುವ ಆಸೆಯಿದೆ. ಈ ಅಂಕಣದ ಸಂಭಾವನೆ ಇನ್ನೂ ಆ ಯೋಗ್ಯತೆಗೆ ಏರಿಲ್ಲ.) ನನಗೆ ಸಿಟ್ಟು ನೆತ್ತಿಗೇರಿತ್ತು. ಆ ಕ್ಲರ್ಕ್ ಮೇಲಲ್ಲ, ಅವನು ಹೇಳಿದ್ದಕ್ಕೆ ಹೂಂ ಅಂದು ಎದ್ದುಬಂದ ನನ್ನ ಮೇಲೆ.

ಮಾಣಿಕಪ್ಪನವರಿಗೆ ಕಾರ್ಡಿಗಾಗಿ ಹೊಸ ಅರ್ಜಿ, ಆದಾಯ ಪ್ರಮಾಣಪತ್ರ, ಆಫೀಸಿನ ಪತ್ರ ಎಲ್ಲ ಬೇಕಂತೆ. ಪಟ್ಟಿ ಓದಿ ಹೇಳಿದೆ. ಜೀಪು ಹತ್ತುವಾಗ ಅವರು ಕೇಳಿದರು:

"ಟ್ಯಾಕ್ಸ್ ಹಿಡೀಲಾಕ ನಂಗೊಂದ್ ಮಾತ್ ಕೇಳ್ಲಿಲ್ಲರಿ ಸರ್, ಅಕ್ಕಿ ಕೊಡ್ಲಾಕ ಯಾಕ ಇಷ್ಟು ಕೇಳ್ತಾರ?"