ಮೊಲದ ಆರನೆಯ ಬೆರಳು

ಯಾವುದೇ ಕಥೆಯಲ್ಲಿ ಮೊಲವೊಂದು ವಿನಾಕಾರಣ ನಗುತ್ತಿದ್ದರೆ ನನಗೆ ಗುಮಾನಿ ಹುಟ್ಟುತ್ತದೆ. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಪರರ ಅಪಘಾತಗಳ ಸತ್ಯಾಸತ್ಯತೆಯನ್ನು ಪರಿಶೀಲಿಸಿದವನ ಬುದ್ಧಿ, ಮನೆಗೆ ಬಂದು ಅಂಗಿ ಕಳಚಿದ ಮಾತ್ರಕ್ಕೆ ಕಳಚಿಕೊಳ್ಳುವಂಥದ್ದಲ್ಲವೆಂದು ನೀವೂ ಒಪ್ಪುತ್ತೀರಿ.

ಧಾರವಾಡದಿಂದ ವಡೋದರಾಕ್ಕೆ ವರ್ಗವಾಗಿ ಬಂದಾಗ ನಮ್ಮ ಮಗಳು ಇಳಾ ತೊಟ್ಟಿಲಲ್ಲಿದ್ದಳು. ಈಗ ಅವಳಿಗೆ ಐದು. ಎದುರುಮನೆಯ ಹಂಸಾಬೆನ್ ಜೊತೆ ನಿರರ್ಗಳ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು. ನಮ್ಮೊಡನೆ ಮಾತ್ರ ಹಳಗನ್ನಡವೂ ಅಲ್ಲದ ಹೊಸಗನ್ನಡವೂ ಅಲ್ಲದ, ಬರೀ ತಲೆಯಾಡಿಸುವ ಮೌನಗನ್ನಡ. ಊರಿನಿಂದ ಅಜ್ಜಿ ಫೋನು ಮಾಡಿ ಏನು ಉಂಡಿ ಎಂದು ಕೇಳಿದರೆ, ಫೋನನ್ನು ನನ್ನ ಕೈಗಿಟ್ಟು ಓಡುತ್ತಿದ್ದಳು. ಈ ಸಂಕಟಕ್ಕೆ ನನ್ನ ಹೆಂಡತಿ ಸುಮಾ ಕಂಡುಕೊಂಡ ಮದ್ದು: ಸಂಜೆ ಅರ್ಧ ಗಂಟೆ ಫೋನಿನಲ್ಲಿ ಕನ್ನಡದ ಕಾರ್ಟೂನ್ ಕಥೆ.

ನಾನು ಮಗಳ ಪಕ್ಕದಲ್ಲಿ ಕಾವಲಿಗೆ ಕುಳಿತೆ. ಕಥೆ ಹೇಳುವ ಹೆಣ್ಣುದನಿ ಯಾವ ಜಿಲ್ಲೆಯದೆಂದು ಪತ್ತೆಯಾಗಲಿಲ್ಲ; ಉಸಿರನ್ನೇ ಎಳೆದುಕೊಳ್ಳದೆ ಮಾತಾಡುತ್ತಿದ್ದುದರಿಂದ ಅದು ಮನುಷ್ಯರದೇ ಎಂಬ ಖಾತ್ರಿಯೂ ಇರಲಿಲ್ಲ. ಮೊಲದ ಮುಂಗಾಲಿಗೆ ಒಮ್ಮೆ ಐದು ಬೆರಳು, ಮರುಕ್ಷಣ ಆರು. ಹೊಳೆಗಿಳಿದಾಗ ಕೆಂಪಗಿದ್ದ ಅದರ ಅಂಗಿ ದಡ ಹತ್ತಿದಾಗ ಹಸಿರು. ಪ್ರತಿಯೊಂದನ್ನೂ ಬೆರಳಿಟ್ಟು ತೋರಿಸಿ, ಇದು ಸುಳ್ಳು ನೋಡವ್ವಾ ಎಂದು ಮಗಳನ್ನು ಎಚ್ಚರಿಸುತ್ತ ಹೋದೆ. ಅವಳು ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

ಹದಿನೈದು ದಿನಗಳ ನಂತರ, ಕಚೇರಿಯಿಂದ ಬಂದು ಬೂಟು ಬಿಚ್ಚುತ್ತಿದ್ದವನೆದುರು ಇಳಾ ಕೈಮುಗಿದು ನಿಂತಳು.

“ತಂದೆಯೇ, ತಾವೇಕೆ ಚಿಂತಾಕ್ರಾಂತರಾಗಿದ್ದೀರಿ?”

ಸುಮಾ ನಕ್ಕಳು. ನಾನು ನಿಜಕ್ಕೂ ಚಿಂತಾಕ್ರಾಂತನಾದೆ. ಮಗಳ ಬಾಯಿಗೆ ಯಂತ್ರದ ನಾಲಗೆ ಬಂತಲ್ಲ, ಈ ವಿಡಿಯೋ ಇವತ್ತೇ ಬಂದ್ ಎಂದೆ. ಸುಮಾ ನನ್ನನ್ನೇ ಬಂದ್ ಮಾಡಿದಳು.

“ನೀವು ಬಾಜೂಕ ಕೂಡ್ರಬ್ಯಾಡ್ರಿ. ಕೂಸು ಕಥಿ ನೋಡ್ಲಿ, ನಿಮ್ಮ ತನಿಖಿ ಅಲ್ಲ.”

ಮರುದಿನ ಸಂಜೆ ಪತ್ರಿಕೆ ಹಿಡಿದು ಒಳಕೋಣೆ ಸೇರಿದೆ. ಕಣ್ಣು ಪತ್ರಿಕೆಯಲ್ಲಿ, ಕಿವಿ ಹಜಾರದಲ್ಲಿ. ಐದೇ ನಿಮಿಷಕ್ಕೆ ಕಥೆಯ ದನಿ ನಿಂತಿತು. ಮಗು ಕದ್ದು ಬೇರೇನೋ ನೋಡುತ್ತಿದೆಯೆಂಬ ಶಂಕೆಯಿಂದ ಹೆಜ್ಜೆ ಸಪ್ಪಳವಾಗದಂತೆ ಹೋಗಿ ಇಣುಕಿದೆ. ಇಳಾ ಫೋನನ್ನು ಬೋರಲು ಹಾಕಿ, ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಳು. ಯಾಕೆ ನಿಲ್ಲಿಸಿದೆ ಎಂದು ಕೇಳಿದೆ.

“ನೀ ಬರಲಿಲ್ಲಲ್ಲಾ ಪಪ್ಪಾ. ಮೊಲಕ್ಕ ಇವತ್ತೂ ಆರು ಬೆರಳು ಅವ. ನಾ ಒಬ್ಬಾಕೀನ ನೋಡೀನಿ. ಯಾರಿಗೆ ಹೇಳ್ಲಿ?”

ಅಷ್ಟುದ್ದದ ಮಾತನ್ನು ಅವಳು ಕನ್ನಡದಲ್ಲಿ ಆಡಿದ್ದು ಅದೇ ಮೊದಲು. ಅದು ಆ ಉಸಿರಿಲ್ಲದ ದನಿಯ ಕನ್ನಡವಲ್ಲ. ಪಕ್ಕದಲ್ಲಿ ಕುಳಿತು ಹದಿನೈದು ದಿನ ನಾನು ಗೊಣಗಿದ ಅಪ್ಪಟ ಧಾರವಾಡದ ಕನ್ನಡ. ಅವಳಿಗೆ ಭಾಷೆ ಕಲಿಸಿದ್ದು ಕಥೆಗಿಂತ ಹೆಚ್ಚಾಗಿ ನನ್ನ ತಕರಾರು. ಬೋರಲು ಬಿದ್ದ ಫೋನನ್ನು ಎತ್ತಿಕೊಂಡು ಅವಳ ಪಕ್ಕ ಕುಳಿತೆ.

ಆ ಸಂಜೆ ನಾವಿಬ್ಬರೂ ಸೇರಿ ಏಳು ಸುಳ್ಳು ಹಿಡಿದೆವು. ಅವುಗಳಲ್ಲಿ ಎರಡು, ನಾನು ಇನ್ನಷ್ಟು ಹೊತ್ತು ಕೂರಲೆಂದು ಅವಳೇ ಹುಟ್ಟಿಸಿದವೆಂಬ ಬಲವಾದ ಅನುಮಾನ ನನಗಿದೆ. ವಿಚಾರಣೆ ಮಾಡಲಿಲ್ಲ.